ಎರಡು ಗಂಟೆಯ ಬಸ್ಸು

ಹತ್ತನೆಯ ತರಗತಿ ಪರೀಕ್ಷೆಯ ಮೇಲ್ವಿಚಾರಣೆಗೆ ನನ್ನನ್ನು ಕೂಡ್ಲಿಗಿಯ ಒಂದು ಶಾಲೆಗೆ ಹಾಕಿದ್ದರು. ಅಲ್ಲಿ ಒಬ್ಬ ಹುಡುಗಿಗೆ ಬೇರೆ ಕೋಣೆ, ಎಲ್ಲರಿಗಿಂತ ಒಂದು ಗಂಟೆ ಹೆಚ್ಚು ಸಮಯ. ಓದುವಾಗ ಅವಳಿಗೆ ಅಕ್ಷರಗಳು ಕಲಸಿಹೋಗುತ್ತಿದ್ದವು, ಒಂದು ಸಾಲು ಬರೆಯುವಷ್ಟರಲ್ಲಿ ಬೆವರುತ್ತಿದ್ದಳು. ಈ ಒಂದು ಗಂಟೆಯ ಸರ್ಟಿಫಿಕೇಟಿಗೆ ಅವಳ ಅಪ್ಪ ದೊಡ್ಡಾಸ್ಪತ್ರೆಗೆ ಮೂರು ಸಲ ಅಲೆದಿದ್ದನಂತೆ. ಆ ಕೋಣೆಗೆ ಮೇಲ್ವಿಚಾರಕಿ ನಾನೊಬ್ಬಳೇ.

ಮೊದಲ ದಿನ ಅವಳ ಭಯ ಬಿಡಿಸಲೆಂದು ಮಾತಿಗೆಳೆದೆ. ನನ್ನ ಬಾಯಿ ಎಂದಾದರೂ ಸುಮ್ಮನಿದ್ದದ್ದುಂಟೆ? ನನ್ನದು ಗುಡೇಕೋಟೆ, ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದೇನೆ, ಎರಡು ಗಂಟೆಯ ಬಸ್ಸು ತಪ್ಪಿದರೆ ಐದರ ತನಕ ಸ್ಟ್ಯಾಂಡಿನಲ್ಲಿ ಕೂರಬೇಕು ಎಂದೆಲ್ಲ ಹೇಳಿಕೊಂಡೆ. ಅವಳು ತಲೆಯಾಡಿಸುತ್ತ ಕೇಳಿದಳು.

ಅವತ್ತು ಎರಡಕ್ಕೆ ಇಪ್ಪತ್ತು ನಿಮಿಷವಿರುವಾಗ ಎದ್ದು ಉತ್ತರಪತ್ರಿಕೆ ಕೊಟ್ಟಳು. ಅವಳ ಪಾಲಿನ ಸಮಯ ಇನ್ನೂ ಅರ್ಧ ಗಂಟೆಗಿಂತ ಹೆಚ್ಚಿತ್ತು. ಸಾಕೇನು ಎಂದು ಕೇಳಿದೆ, ಸಾಕು ಎಂದಳು. ಆರೂ ದಿನ ಹೀಗೇ ಆಯಿತು. ಜಾಣೆ ಎಂದು ಬೆನ್ನು ತಟ್ಟಿದೆ. ಇವಳಿಗೆ ಈ ಹೆಚ್ಚಿನ ಗಂಟೆ ಯಾಕಾದರೂ ಕೊಟ್ಟರೋ ಎಂದು ಉಳಿದ ಶಿಕ್ಷಕರ ಮುಂದೆ ದೊಡ್ಡದಾಗಿ ಆಡಿದೆ. ಆರೂ ದಿನ ಬಸ್ಸು ಸಿಕ್ಕಿತು, ಕಿಟಕಿ ಪಕ್ಕದ ಸೀಟೂ ಸಿಕ್ಕಿತು.

ಫಲಿತಾಂಶ ಬಂದ ಮೇಲೆ ಸಂತೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಅವಳೂ ಅವಳ ತಾಯಿಯೂ ಸಿಕ್ಕರು. ಎರಡು ವಿಷಯಗಳಲ್ಲಿ ಫೇಲಾಗಿದ್ದಳು. ಮೇಡಂ ಅಲ್ಲವೇ ನಾನು, ನಿಂತಲ್ಲೇ ಗದರಿದೆ. ಅಷ್ಟು ಸಮಯ ಕೊಟ್ಟಿದ್ದರೂ ಪೂರ್ತಿ ಯಾಕೆ ಬರೆಯಲಿಲ್ಲ ಎಂದೆ.

"ನಿಮ್ಮ ಬಸ್ ತಪ್ಪತಿತ್ತಲ್ರಿ ಮೇಡಂ," ಎಂದಳು. "ಮನ್ಯಾಗ ಕೂಸು ಐತಿ ಅಂದಿದ್ರಿ."

ನಮಗೋಸ್ಕರ ದೊಡ್ಡವರನ್ನು ಕಾಯಿಸಬಾರದೆಂದು ಮಗಳಿಗೆ ತಾನೇ ಕಲಿಸಿದ್ದು ಎಂದಳು ತಾಯಿ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ತರಗತಿಯಲ್ಲಿ ವರ್ಷಾ ವರ್ಷಾ ಬರೆಸುವವಳು ನಾನು. ಅಳು ಬರಬೇಕಿತ್ತು, ಬರಲಿಲ್ಲ. ನಾಚಿಕೆಯಾಗಬೇಕಿತ್ತು, ಅದೂ ಆಗಲಿಲ್ಲ. ಅವರ ಚೀಲದ ಕೊತ್ತಂಬರಿಯನ್ನೇ ನೋಡುತ್ತ ನಿಂತೆ.

ಎರಡನೇ ಪರೀಕ್ಷೆಗೆ ಕಟ್ಟಿದ್ದಾಳಂತೆ, ಅದೇ ಬೇರೆ ಕೋಣೆಯಂತೆ.

"ಈ ಸಲ ಯಾರು ಬರ್ತಾರ್ರಿ ಮೇಡಂ?" ಎಂದು ಕೇಳಿದಳು. "ಅವರ ಬಸ್ ಎಷ್ಟಕ್ಕ ಐತ್ರಿ?"

ಗೊತ್ತಿಲ್ಲ ಎಂದೆ. ಅಷ್ಟರಲ್ಲಿ ಗುಡೇಕೋಟೆಯ ಬಸ್ಸು ಬಂತು. ನನ್ನ ಚೀಲವನ್ನು ಅವಳೇ ಎತ್ತಿಕೊಟ್ಟಳು, ಹತ್ತಿದೆ.