ಬಾಣಗಂಗೆಯಿಂದ ನನ್ನ ಪಕ್ಕ ಕೂತು ಬಂದವರು

ದೇವರ ಮೇಲೆ ನನಗೆ ಎಂದೂ ಸಂಶಯ ಬಂದದ್ದಿಲ್ಲ. ಆದರೆ ದೇವರು ಹೀಗೆ ಬಂದ, ಹಾಗೆ ಕಾಪಾಡಿದ ಎಂದು ಕಥೆ ಹೇಳುವವರ ಮೇಲೆ ಮಾತ್ರ ಬಹಳ ಸಂಶಯವಿತ್ತು. ನಮ್ಮ ಭಜನಾ ಮಂಡಳಿಯಲ್ಲಿ ಯಾರಾದರೂ ಇಂಥ ಮಾತು ತೆಗೆದರೆ ನಾನು ಎದ್ದು ಚಹಾಕ್ಕೆ ನೀರಿಡಲು ಹೋಗುತ್ತಿದ್ದೆ. ಬೇಸಿಗೆಯಲ್ಲಿ ಹಾಲು ಒಡೆಯದೆ ಉಳಿದದ್ದು, ಮಕ್ಕಳು ಲೋಕಲ್ ರೈಲಿನಿಂದ ಇಳಿದು ಸುಖವಾಗಿ ಮನೆ ಸೇರಿದ್ದು, ನನ್ನ ಮಟ್ಟಿಗೆ ದೇವರ ದಯೆ ಎಂದರೆ ಇಷ್ಟೇ. ಹಾಗಾಗಿ ನಾನು ಬರೆಯುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಮುಲುಂಡಿನ ನಮ್ಮ ಮಂಡಳಿಯವರು ಮುಂಬಯಿಯ ಹಳೆಯ ದೇವಸ್ಥಾನಗಳನ್ನು ಒಂದೇ ದಿನದಲ್ಲಿ ನೋಡಿ ಬರಲು ಮಿನಿ ಬಸ್ ಮಾಡಿದರು. ನಮ್ಮ ಅತ್ತೆಗೂ ಬರಲೇಬೇಕೆಂಬ ಹಟ. ಲಕ್ವ ಹೊಡೆದು ಚೇತರಿಸಿಕೊಂಡಿದ್ದರೂ ಅವರ ನೆನಪು ಒಮ್ಮೆ ಇರುತ್ತಿತ್ತು, ಒಮ್ಮೆ ಇಲ್ಲ. ಇಷ್ಟು ವರ್ಷ ಆಡಿದ ಮರಾಠಿ ಪೂರ್ತಿ ಅಳಿಸಿಹೋಗಿ ಧಾರವಾಡದ ಮಾತಷ್ಟೇ ಉಳಿದಿತ್ತು. ಒಮ್ಮೆ ಬಿಲ್ಡಿಂಗಿನಿಂದ ಇಳಿದು ಹೋದವರು ಸಂಜೆಯವರೆಗೆ ಸಿಕ್ಕಿರಲಿಲ್ಲ. "ಕೈ ಒಂದು ಬಿಡಬ್ಯಾಡ" ಎಂದು ನಮ್ಮ ಮನೆಯವರು ಹೇಳಿ ಕಳಿಸಿದರು.

ಗೈಡ್ ಆಗಿ ಬಂದ ಸುಲಭಾತಾಯಿ ಮರಾಠಿಯವರು. ತಲೆ ಎಣಿಸುವ ಪದ್ಧತಿ ಅವರದ್ದಲ್ಲ. ಇಬ್ಬಿಬ್ಬರನ್ನು ಜೋಡಿ ಮಾಡಿ ಕೂಡಿಸಿದ್ದರು. ಬಸ್ ಹೊರಡುವ ಮುಂಚೆ, ಜೋಡಿ ಪಕ್ಕದಲ್ಲಿದ್ದಾರಾ ಎಂದು ಕೂಗುತ್ತಿದ್ದರು. ನಾವು ಪಕ್ಕಕ್ಕೆ ನೋಡಿ "ಆಹೇ", ಇದ್ದಾರೆ, ಎನ್ನಬೇಕು. ನನ್ನ ಜೋಡಿ ಅತ್ತೆ.

ಮೊದಲು ಮುಂಬಾದೇವಿ. ದರ್ಶನ ಆದ ಮೇಲೆ ಗುಡಿಯಲ್ಲಿ ಸ್ವಲ್ಪ ಹೊತ್ತು ಕೂತೇ ಏಳುವುದು ನಮ್ಮ ಕಡೆಯ ರೂಢಿ. ಆ ಗದ್ದಲದಲ್ಲೂ ಅತ್ತೆ ಗೋಡೆಗೆ ಒರಗಿ ಕೂತರು. "ಆಜೀ, ಚಲಾ ಚಲಾ" ಎಂದು ಸುಲಭಾತಾಯಿ ಅವಸರ ಮಾಡಿದರೆ, ಅತ್ತೆ ನನ್ನ ಕಡೆ ತಿರುಗಿ, "ಈಕಿಗೆ ದೇವರಕಿಂತ ಡ್ರೈವರನ ಅಂಜಿಕಿನ ಭಾಳ ಐತಿ ನೋಡು" ಎಂದರು. ಅಲ್ಲಿದ್ದ ಕನ್ನಡದವರೆಲ್ಲ ನಕ್ಕರು.

ಮುಂದೆ ವಾಲ್ಕೇಶ್ವರದ ಬಾಣಗಂಗೆ ಕೊಳ. ಬಸ್ ಮೇಲಿನ ರಸ್ತೆಯಲ್ಲೇ ನಿಂತಿತು. ಓಣಿಯ ಮೆಟ್ಟಿಲಿಳಿದು ಹೋದೆವು. ಬಾಯಾರಿದ ರಾಮನಿಗಾಗಿ ಅವನ ತಮ್ಮ ಬಾಣ ಬಿಟ್ಟು ಗಂಗೆಯನ್ನು ಎಬ್ಬಿಸಿದ ಜಾಗ ಎಂದು ಸುಲಭಾತಾಯಿ ಹೇಳಿದರು. ಅತ್ತೆ ನೀರು ತಲೆಗೆ ಚಿಮುಕಿಸಿಕೊಂಡು, ದರ್ಶನ ಮುಗಿಸಿ, ಕೊಳದ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕೂತರು. ನಾನೂ ಕೂತೆ. ಕರೆ ಬಂದಾಗ ಕೈ ಹಿಡಿದು ಎಬ್ಬಿಸಿದೆ. ಇದು ನನಗೆ ಚೆನ್ನಾಗಿ ನೆನಪಿದೆ. ಇಕ್ಕಟ್ಟು ಓಣಿಯಲ್ಲಿ ನೂಕುನುಗ್ಗಲು, ಎದುರಿನಿಂದ ಇನ್ನೊಂದು ಗುಂಪು. ಬಸ್ಸು ಹತ್ತಿ ಅತ್ತೆಯನ್ನು ಕಿಟಕಿಯ ಕಡೆ ಕೂಡಿಸಿದೆ. ಅವರು ಹಸಿರು ಇಳಕಲ್ ಸೆರಗನ್ನು ಮುಖದ ಮೇಲೆಳೆದುಕೊಂಡು ಕಿಟಕಿಗೆ ಒರಗಿದರು. "ದಣಿವಾತೇನ್ರೀ ಅತ್ತಿ?" ಎಂದೆ. ಮಾತಾಡಲಿಲ್ಲ, ನನ್ನ ಕೈ ಮೆಲ್ಲಗೆ ಒತ್ತಿದರು. ಸುಲಭಾತಾಯಿ ಕೂಗಿದಾಗ ನಾನು "ಆಹೇ" ಎಂದೆ.

ಮಹಾಲಕ್ಷ್ಮಿ ಬಂತು. ಹೂವಿನ ಚೀಲ ತೆಗೆಯಲು ಎದ್ದು, ತಿರುಗಿ ನೋಡಿದರೆ ಸೀಟು ಖಾಲಿ.

ನನ್ನನ್ನು ದಾಟದೆ ಅಲ್ಲಿಂದ ಹೊರಗೆ ಬರಲು ದಾರಿಯಿಲ್ಲ. ಎಲ್ಲರನ್ನೂ ಕೇಳಿದೆ. ಅವತ್ತು ಮಂಡಳಿಯವರೆಲ್ಲ ಒಂದೇ ಥರದ ಹಸಿರು ಸೀರೆ ಉಟ್ಟಿದ್ದರು. ಆದರೆ ಯಾರೂ ತಮ್ಮ ಜಾಗ ಬಿಟ್ಟು ನನ್ನ ಪಕ್ಕ ಬಂದಿರಲಿಲ್ಲ. ಮುಂದಿನ ಸೀಟಿನ ಗಿರಿಜಕ್ಕ, "ಚಕ್ಕುಲಿ ಕೊಡಾಕ ನಾ ಹೊಳ್ಳಿ ನೋಡಿದೆನಲ್ಲ, ಮಲಗ್ಯಾರ ಅಂದಿ ನೀ. ಸೆರಗು ಕಂಡೆ, ಮಾರಿ ಕಾಣಲಿಲ್ಲ" ಎಂದಳು.

ನಾನೂ ಸುಲಭಾತಾಯಿಯೂ ಟ್ಯಾಕ್ಸಿ ಹಿಡಿದು ಹಿಂದಕ್ಕೆ ಹೋದೆವು. ದಾರಿಯಲ್ಲಿ ದೇವರ ಹೆಸರೂ ಬಾಯಿಗೆ ಬರಲಿಲ್ಲ. ಕಣ್ಣ ಮುಂದೆ ಆ ಹಸಿರು ನೀರು, ಪಾಚಿಗಟ್ಟಿದ ಮೆಟ್ಟಿಲು, ಅಷ್ಟೇ.

ಅತ್ತೆ ಅದೇ ಮೆಟ್ಟಿಲ ಮೇಲೆ ಆರಾಮಾಗಿ ಕೂತಿದ್ದರು. ನನ್ನ ಅವಸ್ಥೆ ನೋಡಿ ಅವರಿಗೇ ಆಶ್ಚರ್ಯ.

"ಈಗರ ಎದ್ದು ಹೋದಿ, ಇಷ್ಟ ಲಗೂ ಬಂದ್ಯಾ?"

"ಅಲ್ಲಿತನಾ ನಿಮ್ಮ ಹಂತ್ಯಾಕ ಯಾರಿದ್ರು ಅತ್ತಿ?"

"ನೀನ ಇದ್ದೆಲ್ಲವಾ, ಮತ್ಯಾರು? ನಾ ನೀರಿಗೆ ಇಳಿಯಾಕ ಹೋದಾಗೊಮ್ಮೆ ಕೈ ಹಿಡದು ಕೂಡಿಸಿದಿ. ಮಾತ ಒಂದು ಆಡಲಿಲ್ಲ."

ಅಲ್ಲೇ ಕೂತು ಅತ್ತುಬಿಟ್ಟೆ.

ನಮ್ಮ ಮನೆಯವರು ಎಲ್ಲ ಕೇಳಿ, ಅವ್ವನಿಗೆ ನೆನಪಿಲ್ಲ, ನಿನಗೆ ಓಣಿಯ ಗದ್ದಲದಲ್ಲಿ ಬೇರೆ ಯಾರದೋ ಕೈ ಸಿಕ್ಕಿತು, ಬಸ್ಸಿನಲ್ಲಿ ನಿನಗೂ ಜೊಂಪು ಹತ್ತಿರಬೇಕು ಎಂದರು. ಇರಬಹುದು. ಆದರೆ ಆ ಬೇರೆ ಯಾರೋ ಬಸ್ಸಿನಿಂದ ಎಲ್ಲಿ ಇಳಿದರು? ಮತ್ತೆ ನೀರಿಗಿಳಿಯ ಹೊರಟವರನ್ನು ಹಿಡಿದು ಕೂಡಿಸಿದ್ದು ಯಾರು? ಅಲ್ಲಿದ್ದ ಹೂ ಮಾರುವವಳನ್ನು ಕೇಳಿದ್ದೆ. ಅಜ್ಜಿ ಅಷ್ಟು ಹೊತ್ತೂ ಒಬ್ಬರೇ ಕೂತಿದ್ದರು ಎಂದಿದ್ದಳು.

ಅತ್ತೆ ಈಗಿಲ್ಲ. ಕಡೆಕಡೆಗೆ ಮಗನ ಹೆಸರೂ ಮರೆತಿದ್ದರು, ಆದರೆ ಬಾಣಗಂಗೆಯ ಆ ದಿನವನ್ನು ಮರೆಯಲಿಲ್ಲ. ತಲೆ ಬಾಚುವಾಗಲೋ ಊಟ ಮಾಡಿಸುವಾಗಲೋ ನನ್ನ ಮಾರಿ ನೋಡಿ ಕೇಳುತ್ತಿದ್ದರು, "ಅವತ್ಯಾಕ ಮಾತಾಡಲಿಲ್ಲ ತಂಗಿ? ಸಿಟ್ಟಿತ್ತೇನು ನನ್ನ ಮ್ಯಾಲ?"

"ಇಲ್ರೀ ಅತ್ತಿ, ಸಿಟ್ಟಿರಲಿಲ್ಲ" ಎನ್ನುತ್ತಿದ್ದೆ. ಅವರಿಗೆ ಸಮಾಧಾನವಾಗುತ್ತಿತ್ತು. ಯಾರ ಪರವಾಗಿ ಆ ಉತ್ತರ ಕೊಡುತ್ತಿದ್ದೆನೋ, ನನಗೆ ಇವತ್ತಿಗೂ ಗೊತ್ತಿಲ್ಲ.