ಅರ್ಧಕ್ಕೇ ನಿಂತ ಪ್ರಾರ್ಥನೆ

“ಕನ್ನಡದವಳಾಮ್ಮಾ ನೀನು?” ಕೀಲ್ಪಾಕ್‌ನ ಸ್ಮಶಾನದಲ್ಲಿ ಪಕ್ಕದ ಸಮಾಧಿಗೆ ಮೇಣದಬತ್ತಿ ಹಚ್ಚುತ್ತಿದ್ದ ಅಜ್ಜಿ ಕೇಳಿದರು. ಅಗಲಿದವರನ್ನು ನೆನೆಯುವ ಹಬ್ಬದ ಸಂಜೆ ಅದು. ನನ್ನ ಗಂಡನ ಸಮಾಧಿಯ ಮುಂದೆ ನಾನು ಗೊಣಗಿಕೊಂಡು ಅಳುತ್ತಿದ್ದುದು ಅವರ ಕಿವಿಗೆ ಬಿದ್ದಿತ್ತು.

“ನಾನೂ ಕನ್ನಡದವಳೇ. ಮನೇಲಿ ಮಕ್ಕಳೆಲ್ಲಾ ಮಾತಾಡೋದು ತಮಿಳೇ. ಯೇಸಪ್ಪ ಕಲಿಸಿದ ಪ್ರಾರ್ಥನೆ ಕನ್ನಡದಲ್ಲಿ ಒಂದ್ಸಲ ಹೇಳು ಕಣ್ಣಾ. ಕೇಳಿ ಎಷ್ಟೋ ಕಾಲ ಆಯ್ತು” ಎಂದರು.

ಗಂಡ ತೀರಿಕೊಂಡ ಮೇಲೆ ನಾನು ಪ್ರಾರ್ಥನೆಯನ್ನೇ ಬಿಟ್ಟಿದ್ದೆ. ಆದರೂ ಅಜ್ಜಿಗಾಗಿ ಶುರುಮಾಡಿದೆ. ಹಾಸನದ ಮನೆಯಲ್ಲಿ ಅಮ್ಮ ನಮ್ಮನ್ನೆಲ್ಲ ಮೊಣಕಾಲೂರಿಸಿ, ಒಂದೊಂದೇ ಮಾತು ಎಳೆದು ಹೇಳಿಸುತ್ತಿದ್ದ ಆ ಧಾಟಿಯೇ ಬಾಯಿಗೆ ಬಂತು. ದೇವರ ಚಿತ್ತದಂತೆಯೇ ಆಗಲಿ ಎಂದು ಹೇಳಬೇಕಾದ ಕಡೆ ನಿಂತುಬಿಟ್ಟೆ. ಎಷ್ಟು ಪ್ರಯತ್ನಿಸಿದರೂ ಆ ಮಾತು ಹೊರಡಲಿಲ್ಲ.

ಅಜ್ಜಿ ನನ್ನ ಕೈ ಹಿಡಿದುಕೊಂಡರು. “ನನ್ನ ಮಗಳು ಹೋದಾಗ ನಾನೂ ಅಲ್ಲೇ ನಿಂತ್‌ಬಿಡ್ತಿದ್ದೆ. ಪರವಾಗಿಲ್ಲಮ್ಮಾ, ನೀನು ಹೇಳೋವರೆಗೂ ದೇವರು ಕಾಯ್ತಾನೆ.”

ಮರುದಿನ ಬೆಳಿಗ್ಗೆ ನಾನೇ ಮೊಣಕಾಲೂರಿ ಮೊದಲಿನಿಂದ ಹೇಳಿದೆ. ಈಗಲೂ ಆ ಮಾತಿನ ಹತ್ತಿರ ಬಂದಾಗ ಒಮ್ಮೆ ನಿಲ್ಲುತ್ತೇನೆ. ಆಮೇಲೆ ಮುಂದುವರಿಸುತ್ತೇನೆ.