ಎಸ್‌ಎಸ್‌ಡಿ ಮಾರದ ಬೀರೇಶ್

ಹೊಸದುರ್ಗದ ಬೀರೇಶ್ ಕಂಪ್ಯೂಟರ್ ಅಂಗಡಿ ಇಟ್ಟಿರುವುದೇ ಗಿರಾಕಿಗಳನ್ನು ಬರಿಗೈಯಲ್ಲಿ ಕಳುಹಿಸುವುದಕ್ಕೆ ಎಂಬ ಮಾತು ಪೇಟೆಯಲ್ಲಿದೆ. ದೊಡ್ಡ ಫೈಲುಗಳನ್ನಿಟ್ಟ ನೆಟ್‌ವರ್ಕ್ ಸ್ಟೋರೇಜ್ ಚುರುಕಾಗಲೆಂದು ಮದುವೆ ವಿಡಿಯೊದವರು ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕಿನ ಕ್ಯಾಶ್ ಕೇಳಿದರೆ ಸಾಕು, ಸ್ಕ್ರೂಡ್ರೈವರ್ ಕೆಳಗಿಟ್ಟು, ಸ್ಟೂಲು ಎಳೆದು, "ಕುಂತ್ಕಳ್ರಿ" ಎನ್ನುತ್ತಾನೆ. ಆ ಸ್ಟೂಲಿನ ಮೇಲೆ ಕುಳಿತವರು ಎಸ್‌ಎಸ್‌ಡಿ ಕೊಂಡ ಉದಾಹರಣೆಯೇ ಇಲ್ಲ. ಧ್ವನಿಮುದ್ರಿಸಿಕೊಂಡ ಕುರಿಗಾಹಿ ಹಿರಿಯರ ಗಂಟೆಗಟ್ಟಲೆಯ ಸಂದರ್ಶನಗಳ ಡಿಸ್ಕು ಹೊತ್ತು ಹೋಗಿ ನಾನೂ ಕುಳಿತವನೇ. "ಒಂದ್ಸಲ ಉದ್ದಕ್ಕೂ ಓದಿ ಬಿಡೋ ಫೈಲಿಗೆ ಕ್ಯಾಶ್ ಏನ್ ಮಾಡ್ತೈತೆ ಸಾರ್? ಪದೇ ಪದೇ ಕೇಳೋ ಚಿಕ್ಕ ಚೂರನ್ನ ಹತ್ರ ಇಟ್ಕಳಾಕೆ ಅದು. ನಿಮಗೆ ಬೇಕಾಗಿರೋದು ಇನ್ನೊಂದು ಪ್ರತಿ" ಎಂದು ಗದರಿ, ಬೇರೆ ಡಿಸ್ಕಿನಲ್ಲಿ ಎಲ್ಲವನ್ನೂ ತಾನೇ ನಕಲು ಮಾಡಿಟ್ಟ. ಮೊದಲ ಡಿಸ್ಕು ಕೆಟ್ಟಾಗ ಉಳಿದದ್ದು ಅದೊಂದೇ. ಆ ದನಿಗಳು ಇಂದು ಇರುವುದು ಅವನ ಹಟದಿಂದ. ಆದರೆ ಅಂಗಡಿಯ ಸ್ವಂತ ಸ್ಟೋರೇಜಿಗೆ ಮಾತ್ರ ಅವನು ಕ್ಯಾಶ್ ಹಾಕಿದ್ದಾನೆ. ಕಾರಣ ಕೇಳಿದರೆ "ಟೆಸ್ಟಿಂಗಿಗೆ ಬೇಕು ಸಾರ್" ಎನ್ನುತ್ತಾನೆ. ಟೆಸ್ಟಿಂಗ್ ನಡೆಯುವುದು ದಿನವೂ ಮಧ್ಯಾಹ್ನ, ನನ್ನ ಧ್ವನಿಮುದ್ರಿಕೆಯ ಒಂದೇ ತುಣುಕಿನಿಂದ. ತಾಳ್ಯದಲ್ಲಿ ಸಂದರ್ಶನದ ನಡುವೆ, ಈಗ ಇಲ್ಲದ ಅವನ ಅಜ್ಜಿ ಕರಿಯಮ್ಮ ಕುರಿಹಿಂಡಿನ ಕಥೆ ನಿಲ್ಲಿಸಿ, ಪಕ್ಕದಲ್ಲಿದ್ದ ಮೊಮ್ಮಗನತ್ತ ತಿರುಗಿ "ಲೇ ಬೀರ, ಉಂಡೇನ್ಲೇ?" ಎಂದ ತುಣುಕು ಅದು. "ಇನ್ನೂ ಇಲ್ಲ ಕಣಜ್ಜಿ" ಎನ್ನುತ್ತ ಬೀರೇಶ್ ಬುತ್ತಿ ಬಿಚ್ಚುತ್ತಾನೆ.